ಬಳಸಿ ಬಿಟ್ಟವರ ಕಥೆ: ಫ್ಯಾಂಟಮ್ ಲಿಬರ್ಟಿ ಮತ್ತು ನಮ್ಮ ದೋಆಬ್

(ರಾಯಚೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಓದುಗರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ಶರಣು.

ವಿಡಿಯೊ ಗೇಮ್ ಬಗ್ಗೆ ಒಂದು ತಾಸು ಮಾತಾಡೋದಕ್ಕೆ ಏನೈತಿ ಅಂತ ಹಿರಿಯರೊಬ್ಬರು ಬಾಗಿಲಲ್ಲೇ ಕೇಳಿದರು. ಕಥೆ ಐತಿ ಅಂದೆ. ಕಥೆ ಇದ್ದಲ್ಲಿ ಮಾತಿಗೆ ಬರವಿಲ್ಲ. ನಾನು ಇವತ್ತು ಮಾತಾಡುವುದು ‘ಸೈಬರ್‌ಪಂಕ್ 2077’ ಎಂಬ ಆಟಕ್ಕೆ 2023ರ ಸೆಪ್ಟೆಂಬರ್ 26ರಂದು ಬಂದ ‘ಫ್ಯಾಂಟಮ್ ಲಿಬರ್ಟಿ’ ಎಂಬ ವಿಸ್ತರಣೆಯ ಬಗ್ಗೆ, ಅಂದರೆ ಮೂಲ ಆಟಕ್ಕೆ ಆಮೇಲೆ ಸೇರಿಸಿದ ಹೊಸ ಕಥೆಯ ಬಗ್ಗೆ. ಅದೊಂದು ಬೇಹುಗಾರರ ಕಥೆ. ಅದನ್ನು ಕೊನೆಯ ತನಕ ಬಿಚ್ಚಿ ಹೇಳುತ್ತೇನೆ, ಏನನ್ನೂ ಮುಚ್ಚಿಡುವುದಿಲ್ಲ. ನಾವು ಬಯಲಾಟ ನೋಡುವ ಸೀಮೆಯವರು. ಕರ್ಣ ಸಾಯುತ್ತಾನೆ ಅಂತ ಗೊತ್ತಿದ್ದೇ ಬೆಳಗಿನ ತನಕ ಕೂತು, ಅವನು ಸಾಯುವಾಗ ಕಣ್ಣೊರೆಸಿಕೊಳ್ಳುತ್ತೇವೆ.

ಆಡದವರಿಗಾಗಿ ಮೊದಲು ಹಿನ್ನೆಲೆ. ಅಮೆರಿಕದ ಮೈಕ್ ಪಾಂಡ್‌ಸ್ಮಿತ್ 1988ರಲ್ಲಿ ಒಂದು ಆಟ ಕಟ್ಟಿದರು. ಕಂಪ್ಯೂಟರ್ ಬೇಡ; ನಾಲ್ಕು ಜನ ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ, ತಲೆಗೊಂದು ಪಾತ್ರ ಹಿಡಿದು ಕಥೆ ಬೆಳೆಸುವ ಆಟ. ಕಂಪನಿಗಳು ಸರ್ಕಾರಗಳನ್ನು ನುಂಗಿದ, ಮನುಷ್ಯರು ಮೈಯೊಳಗೆ ಯಂತ್ರ ಜೋಡಿಸಿಕೊಂಡ ಮುಂದಿನ ಕಾಲ ಅದು. ಪೋಲೆಂಡಿನ ವಾರ್ಸಾದಲ್ಲಿರುವ ಸಿಡಿ ಪ್ರೊಜೆಕ್ಟ್ ರೆಡ್ ಅದೇ ಲೋಕವನ್ನು ವಿಡಿಯೊ ಗೇಮ್ ಮಾಡಿ 2020ರ ಡಿಸೆಂಬರ್ 10ರಂದು ಬಿಡುಗಡೆ ಮಾಡಿತು. ಆಟದ ತುಂಬ ದೋಷಗಳಿದ್ದವು. ಹಳೆಯ ಯಂತ್ರಗಳಲ್ಲಿ ಎಷ್ಟು ಕೆಟ್ಟದಾಗಿ ಓಡುತ್ತಿತ್ತೆಂದರೆ ಪ್ಲೇಸ್ಟೇಷನ್ ಎಂಬ ಆಟದ ಯಂತ್ರ ಮಾಡುವ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದು, ಕೊಂಡವರಿಗೆ ಹಣ ಮರಳಿಸಿತು. 2021ರ ಜೂನ್‌ವರೆಗೂ ಅದು ಅಲ್ಲಿಗೆ ವಾಪಸು ಬರಲಿಲ್ಲ. ಆ ತಂಡ ಮೂರು ವರ್ಷ ಕೂತು ರಿಪೇರಿ ಮಾಡಿತು. ವಿಸ್ತರಣೆ ಬರುವ ಐದು ದಿನ ಮೊದಲು 2.0 ಎಂಬ ಪರಿಷ್ಕರಣೆ ಕೊಟ್ಟು ಕೌಶಲಗಳ ವ್ಯವಸ್ಥೆ, ಪೊಲೀಸರ ವರ್ತನೆ, ವಾಹನದಲ್ಲಿ ಕೂತು ಕಾದುವ ರೀತಿ, ಎಲ್ಲವನ್ನೂ ಹೊಸದಾಗಿ ಕಟ್ಟಿತು. ಇವು ಆಡುವವರಿಗೆ ಮುಖ್ಯ. ನನ್ನ ಮಾತಿಗೆ ಅಷ್ಟು ಮುಖ್ಯವಲ್ಲ. ಮೊದಲ ವಾರದಲ್ಲೇ ವಿಸ್ತರಣೆಯ 30 ಲಕ್ಷ ಪ್ರತಿ ಮಾರಾಟವಾದವು ಎಂಬಷ್ಟು ಹೇಳಿ ಮುಂದೆ ಹೋಗುತ್ತೇನೆ.

ಮೂಲ ಆಟದ ನಾಯಕನ ಅಥವಾ ನಾಯಕಿಯ ಹೆಸರು ವಿ. ಗಂಡೋ ಹೆಣ್ಣೋ ಎಂಬುದು ಆಡುವವರ ಇಷ್ಟ. ನೈಟ್ ಸಿಟಿ ಎಂಬ ಊರಲ್ಲಿ ದುಡ್ಡಿಗಾಗಿ ಯಾರ ಕೆಲಸವನ್ನಾದರೂ ಮಾಡಿಕೊಡುವ ಕೂಲಿಬಂಟ. ಒಂದು ಕಳ್ಳತನ ಕೆಟ್ಟು, ವಿಯ ತಲೆಯೊಳಗೆ ಒಂದು ಚಿಪ್ ಸೇರಿಕೊಳ್ಳುತ್ತದೆ. ಅದರಲ್ಲಿ ಜಾನಿ ಸಿಲ್ವರ್‌ಹ್ಯಾಂಡ್ ಎಂಬ, ಐವತ್ತು ವರ್ಷ ಹಿಂದೆ ಸತ್ತ ರಾಕ್ ಹಾಡುಗಾರನ ಮನಸ್ಸಿನ ನಕಲು ಇದೆ. ಅದು ವಿಯ ಮೆದುಳನ್ನು ದಿನದಿನಕ್ಕೂ ಆಕ್ರಮಿಸುತ್ತಿದೆ. ಇದಕ್ಕೆ ಮದ್ದಿಲ್ಲ. ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು: ವಿ ಸಾಯುತ್ತಿರುವ ಮನುಷ್ಯ, ಬದುಕಬೇಕೆಂಬ ಆಸೆ ಇನ್ನೂ ಆರಿಲ್ಲ. ಬೇಹುಗಾರಿಕೆಯ ಕಥೆಗೆ ಇಂಥವನಿಗಿಂತ ಒಳ್ಳೆಯ ಬೇಟೆ ಎಲ್ಲಿ ಸಿಗಬೇಕು?

ಈಗ ವಿಸ್ತರಣೆಯ ನೆಲಕ್ಕೆ ಬರೋಣ. ಅದರ ಹೆಸರು ಡಾಗ್‌ಟೌನ್. ನೈಟ್ ಸಿಟಿಯ ಅಂಚಿನಲ್ಲಿ, ಸಮುದ್ರದ ದಂಡೆಯಲ್ಲಿ ಶ್ರೀಮಂತರ ವಿಹಾರಕ್ಕೆಂದು ಪೆಸಿಫಿಕಾ ಎಂಬ ಬಡಾವಣೆ ಕಟ್ಟಲು ಹೊರಟಿದ್ದರು. ಹಣ ಹಾಕಿದವರು ನಡುವೆಯೇ ಕೈಬಿಟ್ಟು ಹೋದರು. ಆಮೇಲೆ ಯುದ್ಧ ಬಂತು. ‘ನ್ಯೂ ಯುನೈಟೆಡ್ ಸ್ಟೇಟ್ಸ್’ ಎಂಬ ಕೇಂದ್ರ ಸರ್ಕಾರ ಬಿಟ್ಟುಹೋದ ರಾಜ್ಯಗಳನ್ನು ಮತ್ತೆ ಕೂಡಿಸಲು ನಡೆಸಿದ ಯುದ್ಧ. ಸಂಧಿಯಾದಾಗ ಕರ್ಟ್ ಹ್ಯಾನ್ಸನ್ ಎಂಬ ಕರ್ನಲ್ ತನ್ನ ಪಡೆಯೊಂದಿಗೆ ಅಲ್ಲೇ ಉಳಿದು, ಸುತ್ತ ಗೋಡೆ ಎಬ್ಬಿಸಿ, ಬಾರ್ಗೆಸ್ಟ್ ಎಂಬ ಖಾಸಗಿ ಸೇನೆ ಕಟ್ಟಿಕೊಂಡು ಆ ನೆಲಕ್ಕೆ ತಾನೇ ದೊರೆಯಾದ. ಅರ್ಧಕ್ಕೆ ನಿಂತ ಹೋಟೆಲುಗಳು, ಅದರ ಕೆಳಗೆ ಬದುಕುವ ಜನ, ಕ್ರೀಡಾಂಗಣದೊಳಗೆ ನಡೆಯುವ ಕಳ್ಳಸಂತೆ. ನೈಟ್ ಸಿಟಿಯ ಕಾನೂನು ಅಲ್ಲಿ ನಡೆಯದು, ಕೇಂದ್ರ ಸರ್ಕಾರದ್ದೂ ನಡೆಯದು.

ಎರಡು ದೊಡ್ಡ ಶಕ್ತಿಗಳ ನಡುವೆ ಸಿಕ್ಕಿಕೊಂಡ ನೆಲ ಹೇಗಿರುತ್ತದೆ ಅಂತ ರಾಯಚೂರಿನವರಿಗೆ ನಾನು ಹೇಳಬೇಕಾಗಿಲ್ಲ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ದೋಆಬಿಗಾಗಿ ಬಹಮನಿಗಳು ಮತ್ತು ವಿಜಯನಗರದವರು, ಅವರ ನಂತರ ಬಿಜಾಪುರದವರು, ತಲೆಮಾರುಗಳ ಕಾಲ ಹೊಡೆದಾಡಿದರು. 1520ರಲ್ಲಿ ಕೃಷ್ಣದೇವರಾಯ ಇದೇ ಕೋಟೆಗೆ ಮುತ್ತಿಗೆ ಹಾಕಿ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿದ. ಈ ಕೋಟೆಯ ಗೋಡೆಯಲ್ಲಿ 1294ರ ಶಾಸನ ಹೊತ್ತ ಆ ಉದ್ದನೆಯ ಕಲ್ಲು ನೋಡಿದ್ದೀರಿ. ಕಟ್ಟಿಸಿದವರು ಕಾಕತೀಯರ ಕಡೆಯವರು. ಕೋಟೆ ಕಟ್ಟಿದವರೊಬ್ಬರು, ಆಳಿದವರು ಹತ್ತಾರು ಮಂದಿ, ಗೋಡೆಯ ಒಳಗೆ ಹೊಲ ಉತ್ತು ಕಂದಾಯ ಕಟ್ಟಿದವರು ಮಾತ್ರ ಅವರೇ.

ನನಗನಿಸುತ್ತದೆ, ಈ ಕಥೆ ವಾರ್ಸಾದಲ್ಲಿ ಹುಟ್ಟಿದ್ದಕ್ಕೂ ಅರ್ಥವಿದೆ. ಪೋಲೆಂಡನ್ನು ನೆರೆಯ ಮೂರು ಸಾಮ್ರಾಜ್ಯಗಳು ಹಂಚಿಕೊಂಡು 1795ರಲ್ಲಿ ನಕಾಶೆಯಿಂದಲೇ ಅಳಿಸಿದವು. ಅದು ಮತ್ತೆ ದೇಶವಾದದ್ದು 1918ರಲ್ಲಿ. 1939ರಲ್ಲಿ ಪಶ್ಚಿಮದಿಂದ ಜರ್ಮನಿ, ಪೂರ್ವದಿಂದ ಸೋವಿಯತ್ ಸೇನೆ ನುಗ್ಗಿದವು. ನಡುವಿನ ನೆಲದ ಜನಕ್ಕೆ ದೊಡ್ಡವರ ಮಾತಿನ ಮೇಲೆ ಇರುವ ಅಪನಂಬಿಕೆ ಈ ಕಥೆಯ ಪ್ರತಿ ಸಾಲಿನಲ್ಲೂ ಇದೆ.

ಇಂಥ ನೆಲದಲ್ಲಿ ಸೈನ್ಯಕ್ಕಿಂತ ಮೊದಲು ಬರುವವನು ಬೇಹುಗಾರ. ನಮ್ಮ ದೋಆಬಿನದೇ ಒಂದು ಪ್ರಸಂಗ ಹೇಳುತ್ತೇನೆ, ಇಡೀ ಆಟದ ಬೀಗದ ಕೈ ನನಗೆ ಅದರಲ್ಲಿ ಸಿಕ್ಕಿದೆ. ಬಿಜಾಪುರದ ಆಸ್ಥಾನದಲ್ಲಿದ್ದ ಚರಿತ್ರೆಕಾರ ಫೆರಿಷ್ತಾ, ಘಟನೆ ನಡೆದು ಸುಮಾರು ಎರಡು ನೂರು ವರ್ಷಗಳ ಮೇಲೆ ಬರೆದದ್ದು ಇದು. 1398ರ ಹೊತ್ತು. ವಿಜಯನಗರದ ಸೇನೆ ದೋಆಬಿಗೆ ಇಳಿದು ಕೃಷ್ಣೆಯ ದಂಡೆಯಲ್ಲಿ ಬೀಡುಬಿಟ್ಟಿದೆ. ಆಚೆ ದಡದಲ್ಲಿ ಬಹಮನಿ ಸುಲ್ತಾನ ಫಿರೋಜ್ ಶಾಹ. ಹೊಳೆ ತುಂಬಿದೆ, ದಾಟುವಂತಿಲ್ಲ. ಆಗ ಸಿರಾಜ್ ಎಂಬ ಖಾಜಿ ನಾನು ಹೋಗುತ್ತೇನೆ ಎನ್ನುತ್ತಾನೆ. ಕೆಲವು ಗೆಳೆಯರೊಂದಿಗೆ ಫಕೀರರ ವೇಷದಲ್ಲಿ ಹೊಳೆ ದಾಟಿ ಬೀಡಿನ ಕುಣಿತದವರ ಕೇರಿ ಸೇರುತ್ತಾನೆ. ಅಲ್ಲಿ ಒಬ್ಬ ನರ್ತಕಿಯ ಮೇಲೆ ಪ್ರಾಣವೇ ಇಟ್ಟವನಂತೆ ನಟಿಸುತ್ತಾನೆ. ಆ ರಾತ್ರಿ ರಾಯನ ಮಗನ ಮುಂದೆ ಅವಳ ಕುಣಿತವಿದೆ. ನನ್ನನ್ನೂ ಕರೆದೊಯ್ಯಿ ಎಂದು ಗೋಗರೆಯುತ್ತಾನೆ. ವಾದ್ಯ ಬಲ್ಲವರಿಗಷ್ಟೇ ಪ್ರವೇಶ ಎಂದಾಗ ಅವಳ ವಾದ್ಯವನ್ನೇ ತೆಗೆದುಕೊಂಡು ನುಡಿಸಿ ತೋರಿಸುತ್ತಾನೆ. ಅವಳು ಒಪ್ಪುತ್ತಾಳೆ. ಸಭೆಯಲ್ಲಿ ಅವನೂ ಜೊತೆಗಾರನೂ ಕಠಾರಿ ಹಿಡಿದು ಕುಣಿಯುತ್ತ ಕುಣಿಯುತ್ತ ರಾಜಕುಮಾರನ ಹತ್ತಿರ ಬಂದು ಇರಿಯುತ್ತಾರೆ. ದೀಪ ಆರಿಸುತ್ತಾರೆ. ಬೀಡಿನಲ್ಲಿ ಗದ್ದಲವೇಳುತ್ತದೆ, ಆ ಗದ್ದಲದಲ್ಲಿ ಸುಲ್ತಾನನ ಸೈನ್ಯ ಹೊಳೆ ದಾಟುತ್ತದೆ.

ಕೊಂದವನ ಹೆಸರು ಚರಿತ್ರೆಯಲ್ಲಿದೆ. ಕಳಿಸಿದವನದೂ ಇದೆ. ಅವನನ್ನು ನಂಬಿ, ಕೈಹಿಡಿದು ಒಳಗೆ ಕರೆದೊಯ್ದ ಆ ಹೆಣ್ಣುಮಗಳ ಹೆಸರಿಲ್ಲ. ದೀಪ ಆರಿದ ಮೇಲೆ ಅವಳ ಗತಿ ಏನಾಯಿತು ಎಂದು ಕಥೆ ತಿರುಗಿಯೂ ನೋಡುವುದಿಲ್ಲ. ಬೇಹಿನ ಕಥೆಗಳನ್ನು ಲೋಕ ಹೀಗೇ ಹೇಳಿಕೊಂಡು ಬಂದಿದೆ. ಫ್ಯಾಂಟಮ್ ಲಿಬರ್ಟಿಯ ದೊಡ್ಡತನ ಎಲ್ಲಿದೆಯೆಂದರೆ, ಅದು ಆ ನರ್ತಕಿಯ ಸ್ಥಾನದಲ್ಲಿರುವವಳನ್ನು ಕಥೆಯ ನಟ್ಟನಡುವೆ ತಂದು ನಿಲ್ಲಿಸುತ್ತದೆ.

ಅವಳ ಹೆಸರು ಸೋ ಮಿ. ಕೆಲಸದ ಹೆಸರು ಸಾಂಗ್‌ಬರ್ಡ್. ಬ್ರೂಕ್ಲಿನ್‌ನ ಹುಡುಗಿ, ಕಂಪ್ಯೂಟರ್ ಜಾಲ ಭೇದಿಸುವುದರಲ್ಲಿ ಅಸಾಧಾರಣ ಪ್ರತಿಭೆ. ಕೇಂದ್ರದ ಗುಪ್ತಚರ ಸಂಸ್ಥೆ ಎಫ್‌ಐಎ ಅವಳನ್ನು ಎಳೆಯ ವಯಸ್ಸಿನಲ್ಲೇ ಸೇರಿಸಿಕೊಂಡಿತು. ಆ ಲೋಕದಲ್ಲಿ ಹಳೆಯ ಅಂತರ್ಜಾಲ ಹುಚ್ಚೆದ್ದ ಕೃತಕ ಬುದ್ಧಿಗಳ ಪಾಲಾಗಿದೆ. ಅವನ್ನು ತಡೆಯಲು ಬ್ಲ್ಯಾಕ್‌ವಾಲ್ ಎಂಬ ತಡೆಗೋಡೆ ಇದೆ. ಗೋಡೆಯಾಚೆ ಕೈಹಾಕುವುದು ನಿಷಿದ್ಧ. ಅಧ್ಯಕ್ಷೆ ರೋಸಲಿಂಡ್ ಮೈಯರ್ಸ್ ಮಾತ್ರ ಸೋ ಮಿಯಿಂದ ಅದನ್ನೇ ಮತ್ತೆ ಮತ್ತೆ ಮಾಡಿಸುತ್ತಾಳೆ. ಪ್ರತಿ ಸಲ ಕೈಹಾಕಿದಾಗಲೂ ಅವಳ ಮೈ, ಅವಳ ಮನಸ್ಸು ಸ್ವಲ್ಪ ಸ್ವಲ್ಪ ಆಚೆಯವರ ವಶವಾಗುತ್ತವೆ. ಅವಳೂ ಸಾಯುತ್ತಿದ್ದಾಳೆ, ವಿಯಂತೆಯೇ.

ಕಥೆ ಶುರುವಾಗುವುದು ಅಧ್ಯಕ್ಷೆಯ ವಿಮಾನ ಡಾಗ್‌ಟೌನ್ ಮೇಲೆ ಬೀಳುವುದರಿಂದ. ಸೋ ಮಿ ವಿಯ ತಲೆಯ ಚಿಪ್ ಮೂಲಕವೇ ಮಾತಾಡಿಸಿ, ಅಧ್ಯಕ್ಷೆಯನ್ನು ಉಳಿಸು, ನಿನ್ನ ಕಾಯಿಲೆಗೆ ನನ್ನ ಬಳಿ ಮದ್ದಿದೆ ಎನ್ನುತ್ತಾಳೆ. ವಿ ಗೋಡೆ ನುಸುಳಿ ಒಳಹೋಗಿ ಅಧ್ಯಕ್ಷೆಯನ್ನು ಬದುಕಿಸಿ, ಪಾಳು ಮನೆಯೊಂದರಲ್ಲಿ ಅಡಗಿಸುತ್ತಾನೆ. ಅಷ್ಟರಲ್ಲಿ ಸೋ ಮಿ ಹ್ಯಾನ್ಸನ್ ಕೈಗೆ ಸಿಕ್ಕಂತೆ ಕಾಣೆಯಾಗುತ್ತಾಳೆ. ಆಗ ಅಧ್ಯಕ್ಷೆ, ಹಳೆಯ ಟೆಲಿಫೋನ್ ಒಂದರಿಂದ ಒಬ್ಬನಿಗೆ ಕರೆ ಮಾಡು ಎನ್ನುತ್ತಾಳೆ.

ಆ ಒಬ್ಬ ಸಾಲೊಮನ್ ರೀಡ್. ಇದ್ರಿಸ್ ಎಲ್ಬಾ ದನಿ ಮತ್ತು ರೂಪ ಕೊಟ್ಟ ಪಾತ್ರ. ಕೌಟಿಲ್ಯನ ‘ಅರ್ಥಶಾಸ್ತ್ರ’ ಬೇಹಿನವರನ್ನು ಎರಡು ಬಗೆ ಮಾಡುತ್ತದೆ: ವ್ಯಾಪಾರಿಯಾಗಿ, ತಪಸ್ವಿಯಾಗಿ ಒಂದೇ ಕಡೆ ನೆಲೆಸಿ ಕೆಲಸ ಮಾಡುವವರು, ಮತ್ತು ತಿರುಗಾಡುತ್ತ ಮಾಡುವವರು. ರೀಡ್ ಮೊದಲ ಬಗೆಯವನು. ಏಳು ವರ್ಷಗಳಿಂದ ನೈಟ್ ಸಿಟಿಯ ಕ್ಲಬ್ಬೊಂದರ ಬಾಗಿಲು ಕಾಯುತ್ತ ಕೂತಿದ್ದಾನೆ. ಏಳು ವರ್ಷ ಏಕೆ? ಯುದ್ಧ ಮುಗಿಸುವ ಒಪ್ಪಂದದ ಹೊತ್ತಿನಲ್ಲಿ ಇದೇ ಮೈಯರ್ಸ್ ಅವನನ್ನು ಬಲಿಗೊಟ್ಟಿದ್ದಳು. ಗುಂಡು ತಿಂದು ಸತ್ತನೆಂದೇ ಎಲ್ಲರೂ ಬಿಟ್ಟು ಹೋಗಿದ್ದರು. ಬದುಕಿದ. ಫೋನು ಬಂದಾಗ ಎದ್ದು ಬಂದ.

ಏಕೆ ಬಂದ ಅನ್ನುವುದೇ ನನ್ನನ್ನು ಬಹಳ ಕಾಡಿದ ಪ್ರಶ್ನೆ. ತನ್ನನ್ನು ಕೊಲ್ಲಿಸಲು ಹೊರಟವಳ ಮುಂದೆ ಅವನು ತಲೆಬಾಗುತ್ತಾನೆ. ದೇಶ ದೊಡ್ಡದು, ಅದಕ್ಕೆ ಯಾರಾದರೂ ಕಾವಲಿರಬೇಕು ಎಂಬ ನಂಬಿಕೆ ಅವನಲ್ಲಿ ಪ್ರಾಮಾಣಿಕವಾಗಿದೆ. ಎಲ್ಬಾ ಆ ಪಾತ್ರವನ್ನು ಎಷ್ಟು ತಗ್ಗಿದ ದನಿಯಲ್ಲಿ ಆಡಿದ್ದಾರೆಂದರೆ ರೀಡ್ ಸಿಟ್ಟಾಗುವುದೇ ಕಡಿಮೆ. ದಣಿದವನ ಮೃದುತನ ಅದು. ಆದರೆ ಸೋ ಮಿಯನ್ನು ಈ ಕೆಲಸಕ್ಕೆ ತಂದವನೂ ಇವನೇ. ಮಗಳಂತೆ ಕಂಡ ಹುಡುಗಿಯನ್ನು ಯಾರ ಕೈಗೆ ಕೊಟ್ಟೆ ಅನ್ನುವುದನ್ನು ಅವನು ಪೂರ್ತಿ ನೋಡಲಾರ. ನೋಡಿದರೆ ಅವನ ಇಡೀ ಬದುಕು ಕುಸಿಯುತ್ತದೆ. ವಿಯ ತಲೆಯೊಳಗಿನ ಜಾನಿ ಮೊದಲ ದಿನದಿಂದಲೇ ಸರ್ಕಾರದವರನ್ನು ನಂಬಬೇಡ ಎನ್ನುತ್ತಾನೆ. ಅಧ್ಯಕ್ಷೆ ವಿಗೆ ಪ್ರಮಾಣವಚನ ಬೋಧಿಸುವ ದೃಶ್ಯ ಇದೆ. ಕೈಯೆತ್ತಿ ಹೇಳಬಹುದು, ಹೇಳದೆಯೂ ಇರಬಹುದು. ಆ ದೃಶ್ಯದಲ್ಲಿ ಜಾನಿಯ ಮುಖ ನೋಡಬೇಕು.

ಮುಂದೆ ವೇಷದ ಆಟ. ಹ್ಯಾನ್ಸನ್ ಜೊತೆ ವ್ಯವಹಾರಕ್ಕೆ ಕ್ಯಾಸೆಲ್ ಎಂಬ ಅವಳಿಗಳು ಬರುತ್ತಾರೆ, ಒರೋರ್ ಮತ್ತು ಐಮೆರಿಕ್, ಇಬ್ಬರೂ ಜಾಲ ಭೇದಕರು. ಹ್ಯಾನ್ಸನ್‌ನ ಔತಣಕೂಟದಲ್ಲಿ ವಿ ಅವರ ಜೊತೆ ರೂಲೆಟ್ ಮೇಜಿಗೆ ಕೂತು, ಜೂಜಾಡುತ್ತ, ಹರಟುತ್ತ, ಅವರ ಮಾತಿನ ಧಾಟಿ ಮತ್ತು ನಡವಳಿಕೆಯನ್ನು ಕದ್ದು ದಾಖಲಿಸಿಕೊಳ್ಳಬೇಕು. ಗುಂಡು ಹಾರುವುದಿಲ್ಲ, ಯಾರೂ ಓಡುವುದಿಲ್ಲ. ಏನು ಉತ್ತರಿಸುತ್ತೀರಿ ಎಂಬುದಷ್ಟೇ ಆಯುಧ. ನನ್ನ ದೃಷ್ಟಿಯಲ್ಲಿ ಇಡೀ ವಿಸ್ತರಣೆಯ ಅತ್ಯುತ್ತಮ ಅರ್ಧ ತಾಸು ಇದು. ಆಮೇಲೆ ವಿ ಆ ಮುಖ ಧರಿಸಿಕೊಂಡು ಹ್ಯಾನ್ಸನ್‌ನ ಗುಹೆಗೆ ನಡೆಯುತ್ತಾನೆ. ಖಾಜಿ ಸಿರಾಜನ ಕೆಲಸವನ್ನು ಈಗ ನಮ್ಮ ಕೈಯಿಂದಲೇ ಮಾಡಿಸುತ್ತಾರೆ. ಅವಳಿಗಳ ಜೊತೆ ನಕ್ಕು ಮಾತಾಡಿದ್ದೇವೆ. ಅವರು ತುಂಟರು, ಆದರೆ ನಮಗೇನೂ ಕೇಡು ಮಾಡಿದವರಲ್ಲ. ಕೆಲಸ ಮುಗಿದ ಮೇಲೆ ಅವರು ಬದುಕಿ ಉಳಿಯುವುದಿಲ್ಲ. ಒಪ್ಪಿಗೆ ಕೇಳುವ ಗೋಜಿಗೆ ರೀಡ್ ಹೋಗುವುದಿಲ್ಲ.

ಇಲ್ಲೊಂದು ಆಕ್ಷೇಪ ಹೇಳಿಬಿಡುತ್ತೇನೆ. ಹ್ಯಾನ್ಸನ್ ಪಾತ್ರ ತೆಳುವಾಯಿತು. ಊರಿಗೆಲ್ಲ ಅವನದೇ ಹೆದರಿಕೆ, ಆದರೆ ಅವನು ಕಣ್ಣಿಗೆ ಬೀಳುವುದೇ ಕಡಿಮೆ. ಸೇನೆಯೊಂದು ತಾನೇ ಸರ್ಕಾರವಾಗುವ ಕಥೆಯನ್ನು ಅವನ ಮೂಲಕ ಇನ್ನೂ ಆಳವಾಗಿ ಹೇಳಬಹುದಿತ್ತು.

ಮತ್ತೆ ಸೋ ಮಿಗೆ ಬರೋಣ. ಆಕೆಯನ್ನು ಯಾರೂ ಅಪಹರಿಸಿಲ್ಲ. ಮೈಯರ್ಸ್ ಹಿಡಿತದಿಂದ ತಪ್ಪಿಸಿಕೊಳ್ಳಲು ಹ್ಯಾನ್ಸನ್ ಜೊತೆ ಒಳಒಪ್ಪಂದ ಮಾಡಿಕೊಂಡು ವಿಮಾನ ಬೀಳಿಸಿದವಳು ಅವಳೇ. ಹ್ಯಾನ್ಸನ್ ಮಾತು ಮುರಿದ. ಈಗ ಅವಳು ರೀಡ್‌ಗೆ ತಿಳಿಯದಂತೆ ವಿಯ ಸಹಾಯ ಕೇಳುತ್ತಾಳೆ. ರೀಡ್ ಅವಳನ್ನು ಹಿಡಿಯಲು ವಿಯ ಸಹಾಯ ಕೇಳುತ್ತಾನೆ. ಇಬ್ಬರೂ ಕೊಡುವ ಮಾತು ಒಂದೇ: ನೀನು ಬದುಕುತ್ತೀ. ಕ್ರೀಡಾಂಗಣದ ಕೆಳಗೆ, ಎಲ್ಲ ಕೆಟ್ಟು ಹೋಗುತ್ತಿರುವ ಕ್ಷಣದಲ್ಲಿ, ಆಡುವವರು ಒಂದು ಗುಂಡಿ ಒತ್ತಿ ಒಬ್ಬರಿಗೆ ದ್ರೋಹ ಮಾಡಬೇಕು.

ಸಾಮಾನ್ಯವಾಗಿ ಇಂಥ ಆಟಗಳಲ್ಲಿ ಆಯ್ಕೆ ಬಂದಾಗ ಒಳ್ಳೆಯದು ಇತ್ತ, ಕೆಟ್ಟದ್ದು ಅತ್ತ ಎಂದು ದೂರದಿಂದಲೇ ಕಾಣುತ್ತದೆ. ಇಲ್ಲಿ ಕಾಣುವುದಿಲ್ಲ, ಏಕೆಂದರೆ ಬೇಕಾದ ಸತ್ಯವನ್ನು ಆಯ್ಕೆ ಆಗುವ ತನಕ ನಮಗೆ ಕೊಟ್ಟಿಲ್ಲ. ಸೋ ಮಿಯ ಪರ ನಿಂತವರು ಅವಳನ್ನು ಚಂದ್ರನಿಗೆ ಹೋಗುವ ನೌಕೆಯವರೆಗೆ ಸಾಗಿಸುತ್ತಾರೆ. ಹತ್ತಿರ ಹತ್ತಿರ ಬಂದಾಗ, ನಿಲ್ಲಲೂ ಆಗದ ಸ್ಥಿತಿಯಲ್ಲಿ ಅವಳು ಬಾಯಿಬಿಡುತ್ತಾಳೆ: ಆ ಮದ್ದು ಒಬ್ಬರಿಗಷ್ಟೇ ಸಾಲುತ್ತದೆ, ಮೊದಲಿನಿಂದಲೂ ನನಗೆ ಗೊತ್ತಿತ್ತು. ಎದುರಿಗೆ ರೀಡ್ ನಿಂತಿದ್ದಾನೆ. ಅವಳನ್ನು ಅವನಿಗೆ ಒಪ್ಪಿಸಬಹುದು. ಇಲ್ಲವೆಂದರೆ ರೀಡ್‌ನನ್ನು ಕೊಲ್ಲಬೇಕು. ರೀಡ್ ಪರ ನಿಂತವರ ದಾರಿ ಬೇರೆ. ನೆಲದಡಿಯ ಸೈನೊಷರ್ ಎಂಬ ಹಳೆಯ ಪ್ರಯೋಗಾಲಯದಲ್ಲಿ, ಗುಂಡಿಗೆ ಜಗ್ಗದ ಯಂತ್ರವೊಂದರ ಕಣ್ಣು ತಪ್ಪಿಸಿ ಅಡಗಿ ಅಡಗಿ ಅವಳನ್ನು ಹುಡುಕಬೇಕು. ಸಿಕ್ಕಾಗ ಅವಳು ಕೇಳುವುದು ಒಂದೇ: ನನ್ನನ್ನು ಅವರ ಕೈಗೆ ಕೊಡಬೇಡ, ಇಲ್ಲೇ ಕೊಂದುಬಿಡು.

ಸುಳ್ಳು ಹೇಳಿದಳು ಎಂದು ಅವಳನ್ನು ದ್ವೇಷಿಸುವವರಿದ್ದಾರೆ. ಅವರಿಗೆ ನಾನು ಹೇಳುವುದು, ಅವಳು ಸುಳ್ಳನ್ನು ಕಲಿತದ್ದು ಯಾರಿಂದ ಅಂತ ನೋಡಿ. ಅವಳ ಗುರು ಅಭಿಮಾನದಿಂದ ಸುಳ್ಳು ಹೇಳುತ್ತಿದ್ದ, ಅವಳ ಒಡತಿ ಅಧಿಕಾರದಿಂದ ಹೇಳುತ್ತಿದ್ದಳು. ನಿಜ ಹೇಳಿದ್ದರೆ ಸಾಯುತ್ತಿರುವ ಕೂಲಿಬಂಟನೊಬ್ಬ ಅವಳಿಗಾಗಿ ಪ್ರಾಣ ಒಡ್ಡುತ್ತಿದ್ದನೇ? ಒಬ್ಬರನ್ನೊಬ್ಬರು ಬಳಸಿಕೊಳ್ಳುವ ಸರಪಳಿ ಇದು. ಮೈಯರ್ಸ್ ರೀಡ್‌ನನ್ನು, ರೀಡ್ ಸೋ ಮಿಯನ್ನು, ಸೋ ಮಿ ವಿಯನ್ನು, ವಿ ಆ ಅವಳಿಗಳನ್ನು. ಸರಪಳಿಯ ಮೇಲಿನ ತುದಿಯಲ್ಲಿರುವವಳು ಎಲ್ಲ ಅಂತ್ಯಗಳಲ್ಲೂ ಕ್ಷೇಮ.

ಸೋ ಮಿಯನ್ನು ಜೀವಂತ ಒಪ್ಪಿಸಿದವರಿಗೆ ಸರ್ಕಾರ ಮಾತು ಉಳಿಸಿಕೊಳ್ಳುತ್ತದೆ. ಮೂಲ ಆಟಕ್ಕೇ ಹೊಸ ಕೊನೆಯೊಂದು ತೆರೆದುಕೊಳ್ಳುತ್ತದೆ. ವಿಗೆ ಶಸ್ತ್ರಚಿಕಿತ್ಸೆಯಾಗಿ ಜೀವ ಉಳಿಯುತ್ತದೆ. ಎಚ್ಚರವಾಗುವಾಗ ಎರಡು ವರ್ಷ ಕಳೆದಿವೆ. ಜಾನಿ ಇಲ್ಲ. ಯುದ್ಧದ ಯಂತ್ರಾಂಗಗಳನ್ನು ಮೈ ಇನ್ನೆಂದೂ ತಾಳದು. ಗೆಳೆಯರು ಅವರವರ ಬದುಕಿಗೆ ಹೋಗಿದ್ದಾರೆ. ಒಂದು ಕಾಲಕ್ಕೆ ಇಡೀ ಊರು ಹೆದರುತ್ತಿದ್ದ ವಿಯನ್ನು ಬೀದಿಯ ಪುಂಡರು ಹೊಡೆದು ಕೆಡವುತ್ತಾರೆ. ರೀಡ್ ಒಂದು ಕಚೇರಿ ಕೆಲಸ ಕೊಡಿಸುತ್ತೇನೆ ಎನ್ನುತ್ತಾನೆ, ಮನಃಪೂರ್ವಕವಾಗಿಯೇ. ಹಲವರಿಗೆ ಈ ಅಂತ್ಯ ಸೋಲು ಎನಿಸಿದೆ. ನನಗೆ ಹಾಗನಿಸಲಿಲ್ಲ. ಇಡೀ ಆಟದುದ್ದಕ್ಕೂ ನೈಟ್ ಸಿಟಿಯಲ್ಲಿ ಹೆಸರಿಲ್ಲದೆ ನಡೆದಾಡಿದ ಸಾವಿರಾರು ಜನರಲ್ಲಿ ವಿ ಈಗ ಒಬ್ಬ. ಅವರೂ ಬದುಕುತ್ತಿದ್ದಾರೆ ತಾನೇ?

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎಲ್ಲಿಂದ ಆಡಬೇಕು ಎಂದು ಒಬ್ಬರು ಕೇಳಿದರು. ಮೂಲ ಆಟದ ಎರಡನೇ ಅಂಕದಲ್ಲಿ ವೂಡೂ ಬಾಯ್ಸ್ ಎಂಬ ಗುಂಪಿನ ಪ್ರಸಂಗ ಮುಗಿದ ಮೇಲೆ ಡಾಗ್‌ಟೌನ್ ತೆರೆಯುತ್ತದೆ. ನೇರವಾಗಿ ಅಲ್ಲಿಂದಲೇ ಶುರುಮಾಡುವ ಅವಕಾಶವೂ ಇದೆ, ಆದರೆ ವಿಯ ಕಾಯಿಲೆಯ ಭಾರ ತಿಳಿಯಬೇಕಾದರೆ ಮೊದಲಿನಿಂದ ಬನ್ನಿ. ಹಳೆಯ ಪ್ಲೇಸ್ಟೇಷನ್ 4ರಲ್ಲಿ ವಿಸ್ತರಣೆ ಸಿಗುವುದಿಲ್ಲ, ಪ್ಲೇಸ್ಟೇಷನ್ 5ರಂಥ ಹೊಸ ಯಂತ್ರ ಅಥವಾ ಒಳ್ಳೆಯ ಕಂಪ್ಯೂಟರ್ ಬೇಕು. ನಮ್ಮ ನೆಲದ ಕಥೆಯನ್ನು ಹೀಗೆ ಆಟವಾಗಿಸಬಹುದೇ ಎಂದು ಇನ್ನೊಬ್ಬರು ಕೇಳಿದಾಗ ನಾನು ಹೇಳಿದ್ದು: ದೊಡ್ಡ ಕಂಪನಿಗಾಗಿ ಕಾಯಬೇಡಿ, ಪಾಂಡ್‌ಸ್ಮಿತ್ ಶುರುಮಾಡಿದ್ದು ಕಾಗದ, ದಾಳ ಮತ್ತು ನಾಲ್ಕು ಗೆಳೆಯರಿಂದ. ಕೃಷ್ಣೆಯ ದಂಡೆಯ ಆ ರಾತ್ರಿಯನ್ನು ನರ್ತಕಿಯ ಪಾತ್ರ ಹಿಡಿದು ಆಡಿ ನೋಡಿ. ಖಾಜಿಯ ಕಣ್ಣಲ್ಲಿ ಸುಳ್ಳು ಕಂಡರೆ ಅವಳು ಏನು ಮಾಡುತ್ತಾಳೆ, ಕಾವಲಿನವರಿಗೆ ಹೇಳುತ್ತಾಳೋ, ತಾನೇ ಅವನನ್ನು ಬಳಸಿಕೊಳ್ಳುತ್ತಾಳೋ? ಅಲ್ಲಿಂದ ಶುರುಮಾಡಿ.

ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು, ನೀವು ಯಾರ ಪರ ನಿಂತಿರಿ ಎಂದಳು. ಸೋ ಮಿಯನ್ನು ಚಂದ್ರನಿಗೆ ಕಳಿಸಿದೆ ಎಂದೆ. ಅವಳನ್ನು ಮತ್ತೆ ಮೈಯರ್ಸ್ ಕೈಗೆ ಕೊಡುವುದು ನನ್ನಿಂದ ಆಗಲಿಲ್ಲ. ಅದಕ್ಕೆ ರೀಡ್‌ನ ಪ್ರಾಣ ಬೆಲೆಯಾಯಿತು. ಆ ಬೆಲೆ ಸಣ್ಣದೆಂದು ನಾನು ಯಾರಿಗೂ ಹೇಳಲಾರೆ. ಹುಡುಗಿ ಒಪ್ಪಲಿಲ್ಲ. ಸೋ ಮಿ ಬೀಳಿಸಿದ ವಿಮಾನದಲ್ಲಿ ಅಧ್ಯಕ್ಷೆಯೊಬ್ಬಳೇ ಇರಲಿಲ್ಲ ಸರ್, ಅಂಗರಕ್ಷಕರಿದ್ದರು, ಅವರ ಹೆಸರು ನೀವು ಕೇಳಿದಿರಾ ಎಂದಳು. ನ್ಯಾಯವಾದ ಮಾತು. ರೀಡ್ ಪರ ವಾದಿಸುವವರಿಗೆ ಅದಕ್ಕಿಂತ ಗಟ್ಟಿ ಆಧಾರ ಕಥೆಯಲ್ಲಿ ಇಲ್ಲ ಎಂದು ಒಪ್ಪಿಕೊಂಡೆ. ನನ್ನ ಆಯ್ಕೆಯನ್ನು ಮಾತ್ರ ಬದಲಿಸಲಿಲ್ಲ.